ಉಪ್ಪಿನೂರಿನ ಓಪನ್ ಕಾರು

ಡೆಟ್ರಾಯ್ಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಸಮುದ್ರ ಬಿಟ್ಟುಹೋದ ಉಪ್ಪು ಅದು. 20ನೇ ಶತಮಾನದ ಆರಂಭದಲ್ಲಿ ಅಗೆತ ಶುರುವಾಯಿತು. ಈಗ ಗಣಿಯೊಳಗಿನ ದಾರಿಗಳನ್ನೆಲ್ಲ ಕೂಡಿಸಿದರೆ ನೂರು ಮೈಲಿ ದಾಟುತ್ತದೆ. 1940ರಲ್ಲಿ ನಗರಾಡಳಿತ ಈ ಕಲ್ಲುಪ್ಪನ್ನು ಚಳಿಗಾಲದ ರಸ್ತೆಗಳ ಮೇಲೆ ಎರಚಿ ಹಿಮ ಕರಗಿಸತೊಡಗಿತು. ಅಮೆರಿಕದಲ್ಲಿ ಈ ಪದ್ಧತಿಗೆ ಕೈಹಾಕಿದ ಮೊದಮೊದಲ ನಗರಗಳಲ್ಲಿ ಡೆಟ್ರಾಯ್ಟ್ ಒಂದು. ಜನ ಜೀವ ಕೈಯಲ್ಲಿ ಹಿಡಿದು ಜಾರುವ ರಸ್ತೆಯಲ್ಲಿ ಓಡಾಡುವುದು ತಪ್ಪಿತು. ಆದರೆ ಕರಗಿದ ಹಿಮದ ಜೊತೆ ಉಪ್ಪುನೀರು ಕಾರುಗಳ ತಳಕ್ಕೆ ಚಿಮ್ಮಿ, ತಗಡಿನ ಮಡಿಕೆಗಳಲ್ಲಿ ನಿಂತು, ಒಳಗಿನಿಂದ ತಿನ್ನತೊಡಗಿತು. ಜಗತ್ತಿಗೇ ಕಾರು ಮಾಡಿಕೊಟ್ಟ ಊರು ತಾನು ಮಾಡಿದ ಕಾರುಗಳನ್ನು ತನ್ನದೇ ನೆಲದ ಉಪ್ಪಿಗೆ ಒಪ್ಪಿಸಿತು.

ಹೀಗಾಗಿ ಡೆಟ್ರಾಯ್ಟಿನ ವಾಯವ್ಯಕ್ಕೆ ಸುಮಾರು 25 ಮೈಲಿ ದೂರದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಇಂದು ಯಾರಾದರೂ 1957ರ ಶೆವರ್ಲೆ ಬೆಲ್ ಏರ್ ಕನ್ವರ್ಟಿಬಲ್, ಅಂದರೆ ಟಾಪ್ ತೆರೆಯುವ ಕಾರು, ಕೊಳ್ಳಲು ಹೊರಟರೆ, ತಿಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕಾರು ಇಷ್ಟು ವರ್ಷ ಎಲ್ಲಿ ಬಾಳಿತು? ಒಂದು ಗಂಟೆಯ ದಾರಿಯೊಳಗಿರುವ ಫ್ಲಿಂಟ್ ಪಟ್ಟಣದ ಕಾರ್ಖಾನೆಯಲ್ಲಿ ಅದು ಹುಟ್ಟಿರಬಹುದು. ಆದರೆ ಅದು ಅರಿಜೋನಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬೆಳೆದು ಬಂದಿದ್ದರೆ ಕೊಳ್ಳುವವರ ಮುಖ ಅರಳುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಹತ್ತು ಚಳಿಗಾಲ ಕಂಡ ಕಾರಾದರೆ, ಮೇಲಿನ ಹೊಳಪು ಎಷ್ಟೇ ಇರಲಿ, ಕೆಳಗೆ ಬಗ್ಗಿ ನೋಡಲೇಬೇಕು.

ಈ ಕಾರುಗಳು ಎರಡು ಸಲ ತಯಾರಾದವು. ಮೊದಲ ಸಲ ಅವನ್ನು ಕಾರ್ಖಾನೆ ಮಾಡಿತು, ನಿಮಿಷಕ್ಕೊಂದರ ಹತ್ತಿರದ ವೇಗದಲ್ಲಿ. ಎರಡನೆಯ ಸಲ ಯಾವುದೋ ಶೆಡ್ಡಿನಲ್ಲಿ ಟಿಂಕರಿಂಗ್ ಮಾಡುವವರು, ಬಣ್ಣದವರು, ಸೀಟು ಹೊಲಿಯುವವರು ಕೂಡಿ ಮಾಡಿದರು, ಸಾವಿರಾರು ಗಂಟೆ ತೆಗೆದುಕೊಂಡು. ಇವತ್ತಿನ ಗಿರಾಕಿ ಹಣ ಕೊಡುವುದು ಹೆಚ್ಚಾಗಿ ಈ ಎರಡನೆಯ ದುಡಿಮೆಗೆ. ಐವತ್ತರ ದಶಕದ ಹೆಸರಿನಲ್ಲಿ ಮಾರಾಟವಾಗುವ ಕಾರಿನ ಇತಿಹಾಸ ಬರೆಯುವವರು ಈ ಎರಡನೆಯ ಹುಟ್ಟನ್ನು ಬಿಟ್ಟರೆ ಅರ್ಧ ಕಥೆಯನ್ನೇ ಬಿಟ್ಟಂತೆ.

ಮೊದಲ ಹುಟ್ಟಿನ ಕಾಲಕ್ಕೆ ಹೋಗೋಣ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ತನ್ನ ಮೋಟೊರಾಮಾ ಪ್ರದರ್ಶನ ಏರ್ಪಡಿಸಿತು. ಅಲ್ಲಿ ಬಿಳಿ ಬಣ್ಣದ ಕಾರ್ವೆಟ್ ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. ಆ ವರ್ಷ ಫ್ಲಿಂಟ್‌ನಲ್ಲಿ ತಯಾರಾದ ಕಾರ್ವೆಟ್‌ಗಳು ಬರೀ 300. ಎಲ್ಲವೂ ಬಿಳಿ, ಎಲ್ಲದರ ಒಳಭಾಗವೂ ಕೆಂಪು. ಅದೇ ವರ್ಷ ಕಂಪನಿ ಇನ್ನೂ ಮೂರು ದುಬಾರಿ ಕನ್ವರ್ಟಿಬಲ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು: ಕ್ಯಾಡಿಲಾಕ್ ಎಲ್ಡೊರಾಡೊ 532, ಬ್ಯೂಕ್ ಸ್ಕೈಲಾರ್ಕ್ 1,690, ಓಲ್ಡ್ಸ್‌ಮೊಬೀಲ್ ಫಿಯೆಸ್ಟಾ 458. ಡೆಟ್ರಾಯ್ಟಿನ ಹಳೆಯ ಮನೆತನದಂತಿದ್ದ ಪ್ಯಾಕಾರ್ಡ್ ಕಂಪನಿ 750 ಕೆರಿಬಿಯನ್‌ಗಳನ್ನು ಮಾಡಿ ಪಂದ್ಯಕ್ಕೆ ಇಳಿಯಿತು. ಎಲ್ಡೊರಾಡೊದ ಬೆಲೆ 7,750 ಡಾಲರ್, ಅಂದರೆ ಹಲವು ಸಾಮಾನ್ಯ ಕಾರುಗಳ ಬೆಲೆ. 1953ರ ಜನವರಿ 20ರಂದು ಅಧ್ಯಕ್ಷ ಐಸನ್‌ಹೋವರ್ ಪ್ರಮಾಣವಚನದ ಮೆರವಣಿಗೆಯಲ್ಲಿ ಎದ್ದು ನಿಂತು ಕೈಬೀಸಿದ್ದು ಅಂಥದೊಂದು ಕಾರಿನಲ್ಲಿ. ಟಾಪ್ ಇಲ್ಲದ ಕಾರು ಎಂದರೆ ನೋಡುವವರಿಗೂ ಕಾಣಿಸಿಕೊಳ್ಳುವವರಿಗೂ ಹೇಳಿ ಮಾಡಿಸಿದ ವಾಹನ ಎಂಬುದನ್ನು ದೇಶವೆಲ್ಲ ಅಂದು ನೋಡಿತು.

ಈ ರೂಪಗಳ ಹಿಂದೆ ಇದ್ದವರು ಹಾರ್ಲಿ ಅರ್ಲ್. 1927ರಲ್ಲಿ ಜನರಲ್ ಮೋಟರ್ಸ್ ಸೇರಿ 1958ರವರೆಗೆ ಅದರ ವಿನ್ಯಾಸ ವಿಭಾಗವನ್ನು ಆಳಿದವರು. ಜೇಡಿಮಣ್ಣಿನಲ್ಲಿ ಕಾರಿನ ಪೂರ್ಣಗಾತ್ರದ ಮಾದರಿ ಮಾಡಿ, ಸವರಿ, ಕೆತ್ತಿ ರೂಪ ನಿರ್ಧರಿಸುವ ಕ್ರಮ ಉದ್ಯಮದಲ್ಲಿ ನೆಲೆಯೂರಿದ್ದು ಅವರಿಂದ. ಎರಡನೇ ಮಹಾಯುದ್ಧದ ಲಾಕ್‌ಹೀಡ್ ಪಿ-38 ವಿಮಾನದ ಬಾಲ ಅವರ ತಂಡದ ಮನಸ್ಸಿನಲ್ಲಿ ಉಳಿದು 1948ರ ಕ್ಯಾಡಿಲಾಕಿನ ಹಿಂಭಾಗದಲ್ಲಿ ಸಣ್ಣ ರೆಕ್ಕೆಯಾಗಿ ಮೂಡಿತು. ಹನ್ನೊಂದು ವರ್ಷಗಳಲ್ಲಿ, 1959ರ ಕ್ಯಾಡಿಲಾಕ್ ಬರುವ ಹೊತ್ತಿಗೆ, ಅದು ಸೊಂಟದೆತ್ತರಕ್ಕೆ ಬೆಳೆದಿತ್ತು. ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ಪೂರ್ವಕ್ಕೆ ಅರ್ಧ ಗಂಟೆಯ ದಾರಿಯಲ್ಲಿರುವ ವಾರೆನ್‌ನಲ್ಲಿ ಈ ವಿನ್ಯಾಸಗಾರರಿಗಾಗಿ ವಾಸ್ತುಶಿಲ್ಪಿ ಈರೊ ಸಾರಿನೆನ್ ರೂಪಿಸಿದ ತಾಂತ್ರಿಕ ಕೇಂದ್ರ 1956ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು; ಅದು ಇಂದಿಗೂ ಕೆಲಸ ಮಾಡುತ್ತಿದೆ.

ಶ್ರೀಮಂತರ ಕಾರಿನ ಮಾತು ಇಷ್ಟು ಸಾಕು. ಐವತ್ತರ ದಶಕದ ನಿಜವಾದ ಕಥೆ ಇರುವುದು ಕೆಲಸಗಾರನ ಕೈಗೆ ಎಟುಕಿದ ಕಾರಿನಲ್ಲಿ. 1950ರಲ್ಲಿ ವಾಲ್ಟರ್ ರಾಯ್ಟರ್ ನೇತೃತ್ವದ ವಾಹನ ಕಾರ್ಮಿಕರ ಸಂಘ ಜನರಲ್ ಮೋಟರ್ಸ್ ಜೊತೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಡೆಟ್ರಾಯ್ಟ್ ಒಪ್ಪಂದ ಎಂದೇ ಹೆಸರಾದ ಆ ಕರಾರಿನಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಏರುವ ಕೂಲಿ, ಪಿಂಚಣಿ, ಆರೋಗ್ಯ ವಿಮೆ ಇದ್ದವು. ಕಾರು ಮಾಡುವವನು ಕಾರು ಕೊಳ್ಳುವಂತಾದ. 1955ರಲ್ಲಿ ಜನರಲ್ ಮೋಟರ್ಸ್‌ನ ಶೆವರ್ಲೆ ವಿಭಾಗ ತನ್ನ ಅಗ್ಗದ ಕಾರಿಗೆ 265 ಘನ ಅಂಗುಲದ ಹಗುರ ವಿ-8 ಎಂಜಿನ್ ಕೂರಿಸಿತು. ಆರು ವೋಲ್ಟಿನ ಬ್ಯಾಟರಿ ಬಿಟ್ಟು ಹನ್ನೆರಡು ವೋಲ್ಟಿಗೆ ಬಂತು. ಎಂಜಿನಿಯರ್ ಎಡ್ ಕೋಲ್ ಮುಂದಾಳತ್ವದಲ್ಲಿ ರೂಪುಗೊಂಡ ಆ ಎಂಜಿನ್ನಿನ ವಂಶ ದಶಕಗಟ್ಟಲೆ ಬಾಳಿತು. 1957ರಲ್ಲಿ ಅದು 283 ಘನ ಅಂಗುಲಕ್ಕೆ ಬೆಳೆದು, ಇಂಧನ ಇಂಜೆಕ್ಷನ್ ಹಾಕಿಸಿಕೊಂಡವರಿಗೆ 283 ಅಶ್ವಶಕ್ತಿ ಕೊಟ್ಟಿತು. ಆ ವರ್ಷ ಶೆವರ್ಲೆ ಮಾಡಿದ ಕಾರುಗಳು ಸುಮಾರು 15 ಲಕ್ಷ. ಅವುಗಳಲ್ಲಿ ಟಾಪ್ ತೆರೆಯುವಂಥವು 47,562. ಹೊಸ ಬೆಲ್ ಏರ್ ಕನ್ವರ್ಟಿಬಲ್ಲಿನ ಬೆಲೆ 2,500 ಡಾಲರಿಗಿಂತ ತುಸು ಹೆಚ್ಚು. ಪೆಟ್ರೋಲ್ ಹಾಕುವ ಬಾಯಿಯನ್ನು ಎಡ ರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ ಬಚ್ಚಿಟ್ಟಿದ್ದರು. ಗೊತ್ತಿಲ್ಲದ ಬಂಕಿನ ಹುಡುಗ ಕಾರಿನ ಸುತ್ತ ಹುಡುಕಬೇಕಾಗುತ್ತಿತ್ತು.

ಫೋರ್ಡ್ ಸುಮ್ಮನಿರಲಿಲ್ಲ. ಡಿಯರ್‌ಬಾರ್ನ್‌ನಲ್ಲಿ 1955ರ ಮಾದರಿಯ 16,155 ಥಂಡರ್‌ಬರ್ಡ್‌ಗಳು ತಯಾರಾದವು. ಎರಡೇ ಸೀಟಿನ ಕಾರಿಗೆ ಅದು ದೊಡ್ಡ ಸಂಖ್ಯೆ. 1957ರಿಂದ 1959ರವರೆಗೆ ಬಂದ ಫೋರ್ಡ್ ಸ್ಕೈಲೈನರ್ ಇನ್ನೂ ಬೆರಗಿನದು. ಅದರ ಟಾಪ್ ಬಟ್ಟೆಯದಲ್ಲ, ಉಕ್ಕಿನದು. ಗುಂಡಿ ಒತ್ತಿದರೆ ಡಿಕ್ಕಿಯ ಮುಚ್ಚಳ ಹಿಂದಕ್ಕೆ ಎದ್ದು, ಇಡೀ ಚಾವಣಿ ಮಡಚಿಕೊಂಡು ಒಳಗೆ ಕೂರುತ್ತಿತ್ತು. ಆ ಕೆಲಸಕ್ಕೆ ಹಲವು ಮೋಟಾರು, ಹತ್ತು ರಿಲೇ, ಸುಮಾರು 600 ಅಡಿ ತಂತಿ. ಇವತ್ತು ಅದನ್ನು ಕೊಳ್ಳುವವರು ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಹುಡುಕಿಟ್ಟುಕೊಳ್ಳುವುದು ಲೇಸು.

ವೆಸ್ಟ್ ಬ್ಲೂಮ್‌ಫೀಲ್ಡ್ ಆಗ ಇನ್ನೂ ಕೆರೆಗಳ, ತೋಟಗಳ ಊರು. ಕ್ಯಾಸ್ ಲೇಕ್, ಪೈನ್ ಲೇಕ್, ಆರ್ಚರ್ಡ್ ಲೇಕ್, ವಾಲ್ನಟ್ ಲೇಕ್: ಡೆಟ್ರಾಯ್ಟಿನವರು ಬೇಸಿಗೆ ಕಳೆಯಲು ಬಂದು ಕೆರೆ ದಂಡೆಯ ಸಣ್ಣ ಮನೆಗಳಲ್ಲಿ ಇರುತ್ತಿದ್ದರು. ಅಲ್ಲಿಗೆ ಬರುವ ದೊಡ್ಡ ದಾರಿಗಳಲ್ಲಿ ವುಡ್‌ವರ್ಡ್ ಅವೆನ್ಯೂ ಮುಖ್ಯ. 1909ರಲ್ಲಿ ಅದರ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ದು ದೇಶದ ರಸ್ತೆ ಚರಿತ್ರೆಯಲ್ಲೇ ಹೆಸರಾದ ಕೆಲಸ. ಐವತ್ತರ ದಶಕದ ಸಂಜೆಗಳಲ್ಲಿ ಹುಡುಗರು ರಾಯಲ್ ಓಕ್‌ನ ಟೋಟೆಮ್ ಪೋಲ್ ಹೋಟೆಲಿನಿಂದ ಸ್ಕ್ವೇರ್ ಲೇಕ್ ರಸ್ತೆಯ ಬಳಿಯ ಟೆಡ್ಸ್‌ವರೆಗೆ ಕಾರು ಓಡಿಸಿ, ತಿರುಗಿಸಿ, ಮತ್ತೆ ಓಡಿಸುತ್ತಿದ್ದರು. ಕಾರಿನಲ್ಲೇ ಕೂತು ತಿನ್ನುವ ಹೋಟೆಲುಗಳವು. ದೀಪದಿಂದ ದೀಪಕ್ಕೆ ಪಂದ್ಯ ನಡೆಯುತ್ತಿತ್ತು. ಕಂಪನಿಗಳ ಎಂಜಿನಿಯರುಗಳೂ ಹೊಸ ಎಂಜಿನ್ ತಂದು ರಾತ್ರಿ ಹೊತ್ತು ಆ ಸಾಲಿನಲ್ಲಿ ನಿಲ್ಲುತ್ತಿದ್ದರು.

ಆ ಸಂತೋಷ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. 1950ರ ಜನಗಣತಿಯಲ್ಲಿ ಡೆಟ್ರಾಯ್ಟಿನ ಜನಸಂಖ್ಯೆ 18 ಲಕ್ಷ 49 ಸಾವಿರ ದಾಟಿತ್ತು. ಫೌಂಡ್ರಿಯ ಬೆಂಕಿಯ ಮುಂದೆ, ಬಣ್ಣದ ಕೋಣೆಯ ಹೊಗೆಯಲ್ಲಿ ದುಡಿದ ಕಪ್ಪು ಕಾರ್ಮಿಕರಿಗೆ ಈ ಉಪನಗರಗಳಲ್ಲಿ ಮನೆ ಸಿಗುತ್ತಿರಲಿಲ್ಲ. ಬಿಳಿಯರಿಗಷ್ಟೇ ಮಾರಬೇಕೆಂಬ ಕರಾರನ್ನು ನ್ಯಾಯಾಲಯ ಜಾರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತ್ತು. ಆ ತೀರ್ಪಿನಲ್ಲಿ ಡೆಟ್ರಾಯ್ಟಿನ ಒಂದು ಮನೆಯ ಮೊಕದ್ದಮೆಯೂ ಸೇರಿತ್ತು. ಆದರೂ ಪದ್ಧತಿ ಬಹುಕಾಲ ನಿಲ್ಲಲಿಲ್ಲ. ಎಡ್ ಡೇವಿಸ್ ಎಂಬ ಕಪ್ಪು ವ್ಯಾಪಾರಿ 1940ರಲ್ಲಿ ಡೆಟ್ರಾಯ್ಟಿನಲ್ಲಿ ಸ್ಟುಡಿಬೇಕರ್ ಮಾರಾಟದ ಹಕ್ಕು ಪಡೆದದ್ದು ದೇಶದಲ್ಲೇ ಮೊದಲನೆಯದು. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಎಂಬ ದೊಡ್ಡ ಮೂರು ಕಂಪನಿಗಳ ಪೈಕಿ ಒಂದರ ಹೊಸ ಕಾರು ಮಾರುವ ಹಕ್ಕು ಅವರಿಗೆ ಸಿಗಲು 1963 ಬರಬೇಕಾಯಿತು. ಹೊಳೆಯುವ ಕ್ರೋಮಿನ ಇತಿಹಾಸಕ್ಕೆ ಈ ಪುಟವೂ ಸೇರಿದ್ದು.

ಕನ್ನಡ ನಾಡಿಗೂ ಡೆಟ್ರಾಯ್ಟಿಗೂ ನಂಟು ಬೆಳೆದದ್ದು ಐವತ್ತರ ದಶಕಕ್ಕಿಂತ ಮೊದಲು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ನೆರವಿಗೆ ಮುಂದೆ ಬಂತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆಯ ಬಾಗಿಲು ತೆರೆಯಲಿಲ್ಲ. ಯೋಜನೆಯ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕಾರಿಗಾಗಿ ಅಮೆರಿಕಕ್ಕೆ ಹೋದಾಗ ವಿಮಾನ ವ್ಯಾಪಾರಿ ವಿಲಿಯಂ ಪಾಲಿಯವರ ಪರಿಚಯವಾಯಿತು. ಅದರ ಫಲವಾಗಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು. ಕಾರು ಕೈತಪ್ಪಿದ ಊರಿಗೆ ವಿಮಾನ ಬಂತು. ವಾಲ್‌ಚಂದರು ಕ್ರೈಸ್ಲರ್ ಜೊತೆ ಕೈಜೋಡಿಸಿ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಮೈಸೂರು ರಾಜ್ಯದ ರಸ್ತೆಗಳಲ್ಲಿ ಜನ ಕಂಡ ಡಾಡ್ಜ್, ಪ್ಲಿಮತ್, ಡಿಸೋಟೊಗಳಲ್ಲಿ ಅನೇಕವು ಅಲ್ಲಿ ಜೋಡಣೆಯಾದವು. 1928ರಿಂದ ಮುಂಬೈಯ ಶಿವಡಿಯಲ್ಲಿ ಶೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿತು, ಬಿಡಿಭಾಗಗಳನ್ನೂ ಇಲ್ಲೇ ಮಾಡಬೇಕೆಂಬ ಸ್ವತಂತ್ರ ಭಾರತದ ನೀತಿಗೆ ಒಪ್ಪದೆ. ಹಾಗಾಗಿ ಅಮೆರಿಕದ ಕಾರುಗಳು ಅತ್ಯಂತ ಮೆರೆದ 1955ರ ನಂತರದ ಮಾದರಿಗಳು ನಮ್ಮ ಕಡೆ ಕಾಣಿಸಿದ್ದೇ ಅಪರೂಪ. ಅರಮನೆ, ರಾಯಭಾರ ಕಚೇರಿ, ಸಿನಿಮಾ ನಟರ ಮನೆಯಂಗಳ ಬಿಟ್ಟರೆ ಬೇರೆಡೆ ಹೆಚ್ಚು ಇರಲಿಲ್ಲ. ಅಳಿದುಳಿದವನ್ನು ನೋಡಬೇಕೆನ್ನುವವರು ಇಂದು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋಗಬಹುದು, ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹ ಅಲ್ಲಿದೆ.

1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಕನ್ನಡದ ಎಂಜಿನಿಯರುಗಳು ಡೆಟ್ರಾಯ್ಟಿಗೆ ಬಂದು ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಸೇರಿದರು. ಆದಿಕವಿಯ ಹೆಸರಿನ ಪಂಪ ಕನ್ನಡ ಕೂಟ ಅಲ್ಲಿ ಬೆಳೆಯಿತು. 2002ರಲ್ಲಿ ಅಮೆರಿಕದ ಕನ್ನಡ ಕೂಟಗಳ ವಿಶ್ವ ಕನ್ನಡ ಸಮ್ಮೇಳನ ಡೆಟ್ರಾಯ್ಟಿನಲ್ಲೇ ನಡೆಯಿತು. ಓಕ್‌ಲ್ಯಾಂಡ್ ಕೌಂಟಿಯ ಟ್ರಾಯ್, ನೋವಾಯ್, ವೆಸ್ಟ್ ಬ್ಲೂಮ್‌ಫೀಲ್ಡ್‌ಗಳು ಭಾರತೀಯ ಕುಟುಂಬಗಳ ನೆಲೆಯಾದವು. ಊರಿನಲ್ಲಿ ಚಿತ್ರಪಟದಲ್ಲಷ್ಟೇ ನೋಡಿದ್ದ ರೆಕ್ಕೆಯ ಕಾರನ್ನು ಇವರು ಬಂದ ಹೊಸತರಲ್ಲಿ ಕಂಡದ್ದು ಗುಜರಿ ಅಂಗಳಗಳಲ್ಲಿ, ತುಕ್ಕು ಹಿಡಿದ ಸ್ಥಿತಿಯಲ್ಲಿ.

ಏಕೆಂದರೆ ಅಷ್ಟು ಹೊತ್ತಿಗೆ ಕನ್ವರ್ಟಿಬಲ್ಲಿನ ದಿನ ಇಳಿಯತೊಡಗಿತ್ತು. 1949ರಿಂದಲೇ ಬ್ಯೂಕ್, ಕ್ಯಾಡಿಲಾಕ್‌ಗಳು ನಡುಗಂಬವಿಲ್ಲದ ಹಾರ್ಡ್‌ಟಾಪ್ ಕಾರು ತಂದಿದ್ದವು. ನೋಡಲು ಓಪನ್ ಕಾರಿನಂತೆ, ಮಳೆ ಬಂದರೆ ಸೋರುವ ಚಿಂತೆ ಇಲ್ಲ. 1956ರ ಹೆದ್ದಾರಿ ಕಾನೂನಿನಿಂದ ಅಂತರರಾಜ್ಯ ಹೆದ್ದಾರಿಗಳು ಹಬ್ಬಿದವು. ಎಪ್ಪತ್ತು ಮೈಲಿ ವೇಗದಲ್ಲಿ ಬಟ್ಟೆಯ ಟಾಪಿನ ಗದ್ದಲ ಯಾರಿಗೆ ಬೇಕು? ಹವಾನಿಯಂತ್ರಣ ಅಗ್ಗವಾಯಿತು. 1965ರಲ್ಲಿ ವರ್ಷಕ್ಕೆ ಐದು ಲಕ್ಷ ದಾಟಿದ್ದ ಮಾರಾಟ ಮುಂದಿನ ಹತ್ತು ವರ್ಷದಲ್ಲಿ ಕುಸಿಯಿತು. ಕಾರು ಮಗುಚಿದಾಗ ತಡೆಯುವ ಚಾವಣಿ ಬೇಕೆಂಬ ನಿಯಮ ಬಂದೀತೆಂಬ ಭಯವೂ ಕಂಪನಿಗಳಿಗಿತ್ತು. 1976ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಸಾರಿ, ಕೊನೆಯ ಇನ್ನೂರನ್ನು ಬಿಳಿ ಬಣ್ಣದಲ್ಲಿ ಮಾಡಿ ನಿಲ್ಲಿಸಿತು. ಆರು ವರ್ಷದ ನಂತರ ಕ್ರೈಸ್ಲರ್ ಮುಖ್ಯಸ್ಥ ಲೀ ಅಯಕೋಕಾ ಲೆಬ್ಯಾರನ್ ಮೂಲಕ ಅದನ್ನು ಮತ್ತೆ ತಂದರು.

ಗುಜರಿಯಿಂದ ಈ ಕಾರುಗಳು ಎದ್ದು ಬಂದದ್ದು ಹೇಗೆ? ಹಳೆಯ ಕಾರಿನ ಹವ್ಯಾಸಕ್ಕೆ ಸಂಘಗಳು ಮೊದಲೇ ಇದ್ದವು. ಅಮೆರಿಕದ ಆಂಟಿಕ್ ಆಟೋಮೊಬೈಲ್ ಕ್ಲಬ್ ಹುಟ್ಟಿದ್ದು 1935ರಲ್ಲಿ. ಆದರೆ ಅವುಗಳ ದೃಷ್ಟಿಯಲ್ಲಿ ಐವತ್ತರ ಶೆವರ್ಲೆ ನಿನ್ನೆ ಮೊನ್ನೆಯದು. ಕ್ಲಾಸಿಕ್ ಕಾರುಗಳ ಹಳೆಯ ಕ್ಲಬ್ ಇಂದಿಗೂ 1948ರ ನಂತರದ ಕಾರನ್ನು ಪೂರ್ಣ ಕ್ಲಾಸಿಕ್ ಎಂದು ಒಪ್ಪುವುದಿಲ್ಲ. ಬದಲಾವಣೆ ತಂದವರು ಆ ಕಾರುಗಳನ್ನು ಹುಡುಗರಾಗಿ ಕಂಡವರು. 1973ರಲ್ಲಿ ಬಂದ ಅಮೆರಿಕನ್ ಗ್ರಾಫಿಟಿ ಚಲನಚಿತ್ರದಲ್ಲಿ ಬಿಳಿ ಥಂಡರ್‌ಬರ್ಡ್ ಒಂದು ಕ್ಷಣ ಬಂದು ಮರೆಯಾಗುತ್ತದೆ. ಆ ತಲೆಮಾರಿನವರಿಗೆ ಅಷ್ಟು ಸಾಕಾಯಿತು. 1954ರಲ್ಲಿ ಇಲಿನಾಯ್ ರಾಜ್ಯದ ಕ್ವಿನ್ಸಿ ಪಟ್ಟಣದಲ್ಲಿ ಸಣ್ಣ ಜಾಹೀರಾತು ಹಾಳೆಯಾಗಿ ಶುರುವಾಗಿದ್ದ ಹೆಮ್ಮಿಂಗ್ಸ್ ಮೋಟರ್ ನ್ಯೂಸ್ ದಪ್ಪ ಪುಸ್ತಕವಾಗಿ ಬೆಳೆಯಿತು. ಕ್ಯಾಲಿಫೋರ್ನಿಯಾದ ಡ್ಯಾಂಚಕ್‌ನಂಥ ಸಂಸ್ಥೆಗಳು 1955, 56, 57ರ ಶೆವರ್ಲೆಗೆ ಬೇಕಾದ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರತೊಡಗಿದವು. ಇಂದು ಸಣ್ಣ ಗುಂಡಿಯಿಂದ ಹಿಡಿದು ಇಡೀ ಬಾಡಿಯವರೆಗೆ ಉಕ್ಕಿನ ತಗಡಿನಲ್ಲಿ ಹೊಸದಾಗಿ ಒತ್ತಿದ್ದು ಸಿಗುತ್ತದೆ.

ತೊಡಕು ಹುಟ್ಟುವುದು ಇಲ್ಲೇ. ಎಲ್ಲವೂ ಹೊಸದಾಗಿ ಸಿಗುವುದಾದರೆ ಹಳೆಯ ಕಾರು ಅನ್ನುವುದು ಯಾವುದು? ಹಳೆಯ ದೇವಸ್ಥಾನದ ಜೀರ್ಣೋದ್ಧಾರ ಮುಗಿದಾಗ ಯಾವ ಕಂಬ ಮೊದಲಿನದು, ಯಾವುದು ಈಚಿನದು ಎಂದು ಊರ ಹಿರಿಯರು ಮುಟ್ಟಿ ನೋಡುವಂತೆ, ಇಲ್ಲೂ ತಿಳಿದವರು ಕಾರನ್ನು ಮುಟ್ಟಿಯೇ ಓದುತ್ತಾರೆ.

ಓದು ಶುರುವಾಗುವುದು ಎರಡು ತಗಡುಗಳಿಂದ. ಒಂದು ಚಾಲಕನ ಬಾಗಿಲಿನ ಕಂಬದ ಮೇಲಿನ ನಂಬರ್ ಪಟ್ಟಿ. 1957ರ ಶೆವರ್ಲೆಯಲ್ಲಿ ಅದರ ಮೊದಲ ಅಕ್ಷರ ವಿ ಇದ್ದರೆ ವಿ-8 ಎಂಜಿನ್, ಮುಂದಿನ ಸಿ ಅಂದರೆ ಬೆಲ್ ಏರ್, ಆಮೇಲೆ 57, ನಂತರ ಕಾರ್ಖಾನೆಯ ಅಕ್ಷರ: ಎಫ್ ಅಂದರೆ ಫ್ಲಿಂಟ್, ಎಲ್ ಅಂದರೆ ಲಾಸ್ ಏಂಜಲೀಸ್, ಜೆ ಅಂದರೆ ವಿಸ್ಕಾನ್ಸಿನ್ನಿನ ಜೇನ್ಸ್‌ವಿಲ್. ಇಷ್ಟೆಲ್ಲ ಹೇಳುವ ಆ ಪಟ್ಟಿ ಕಾರು ಕನ್ವರ್ಟಿಬಲ್ಲೋ ನಾಲ್ಕು ಬಾಗಿಲಿನ ಸೆಡಾನೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಎಂಜಿನ್ ಕೋಣೆಯ ಹಿಂಗೋಡೆಗೆ ಬಡಿದ, ಬಾಡಿ ತಯಾರಿಸಿದ ಫಿಶರ್ ವಿಭಾಗದ ತಗಡು. ಬೆಲ್ ಏರ್ ಕನ್ವರ್ಟಿಬಲ್ ಆದರೆ ಅಲ್ಲಿ 1067ಡಿ ಎಂಬ ಗುರುತು ಇರಬೇಕು. ಬಣ್ಣದ ಸಂಖ್ಯೆ, ಸೀಟಿನ ಬಟ್ಟೆಯ ಸಂಖ್ಯೆ ಕೂಡ ಅದರಲ್ಲೇ. ಕಾರು ಇವತ್ತು ಕೆಂಪಾಗಿದ್ದು ತಗಡಿನ ಸಂಖ್ಯೆ ತಿಳಿನೀಲಿ ಅಂದರೆ, ನಡುವೆ ಯಾರೋ ಮನಸ್ಸು ಬದಲಿಸಿದ್ದಾರೆ. ಅದು ಅಪರಾಧವಲ್ಲ, ಆದರೆ ಬೆಲೆಯಲ್ಲಿ ಕಾಣಬೇಕು.

ಆ ತಗಡುಗಳು ನಿಜವೇ ಎಂಬುದು ಮುಂದಿನ ಪ್ರಶ್ನೆ. ಹಾರ್ಡ್‌ಟಾಪಿನ ಚಾವಣಿ ಕತ್ತರಿಸಿ ಕನ್ವರ್ಟಿಬಲ್ ಎಂದು ಮಾರಿದ ಉದಾಹರಣೆಗಳು ಈ ವ್ಯಾಪಾರದಲ್ಲಿ ಹೊಸವಲ್ಲ, ಬೆಲೆಯ ಅಂತರ ಅಷ್ಟಿದೆ. ಹಾಗಾಗಿ ಕೆಳಗೆ ಮಲಗಿ ನೋಡಬೇಕು. ಚಾವಣಿ ಇಲ್ಲದ ಬಾಡಿ ಬಳುಕುತ್ತದೆ. ಅದನ್ನು ತಡೆಯಲು ಕಾರ್ಖಾನೆ ಕನ್ವರ್ಟಿಬಲ್ಲಿನ ಫ್ರೇಮಿನ ನಡುವೆ ಎಕ್ಸ್ ಆಕಾರದ ಉಕ್ಕಿನ ಅಡ್ಡಪಟ್ಟಿ ಹಾಕುತ್ತಿತ್ತು. ಅದು ಇಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಬಾಗಿಲು. ತೆರೆದು ನಿಧಾನ ಮುಚ್ಚಬೇಕು. ಬಾಗಿಲಿನ ಸುತ್ತಲಿನ ಸಂದು ಮೇಲೂ ಕೆಳಗೂ ಒಂದೇ ಅಗಲ ಇದೆಯೇ ನೋಡಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ. ಜೀರ್ಣೋದ್ಧಾರದಲ್ಲಿ ಬಾಡಿಯನ್ನು ಫ್ರೇಮಿನಿಂದ ಎತ್ತುವ ಮುಂಚೆ ಬಾಗಿಲ ಸ್ಥಳದಲ್ಲಿ ಕಬ್ಬಿಣದ ಪೈಪು ಅಡ್ಡ ಬೆಸೆಯುವುದು ಕಟ್ಟುನಿಟ್ಟು. ಆ ಒಂದು ದಿನದ ಕೆಲಸ ಉಳಿಸಲು ಹೋದವರು ಇಡೀ ಬಾಡಿಯ ನೇರವನ್ನೇ ಕಳೆದಿದ್ದಾರೆ. ಬಾಗಿಲ ಕೆಳಗಿನ ಪಟ್ಟಿ, ಹಿಂಚಕ್ರದ ಸುತ್ತು, ಡಿಕ್ಕಿಯ ನೆಲ, ಇಲ್ಲೆಲ್ಲ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿಯುತ್ತಾರೆ. ಅಂಟಿದರೆ ಉಕ್ಕು, ಅಂಟದಿದ್ದರೆ ಪುಟ್ಟಿ. ಹಳೆಯ ಕಾಲದ ಟಿಂಕರಿಂಗ್ ಕೆಲಸಗಾರರು ಸೀಸ ಕರಗಿಸಿ ತುಂಬಿ ಅರದಿಂದ ಉಜ್ಜುತ್ತಿದ್ದರು. ಅದು ಕೌಶಲದ ಕೆಲಸ, ಆರೋಗ್ಯಕ್ಕೆ ಕೆಟ್ಟದ್ದು ಕೂಡ. ನಂತರ ಬಂದ ಪ್ಲಾಸ್ಟಿಕ್ ಪುಟ್ಟಿಯ ದಪ್ಪ ಪದರದ ಕೆಳಗೆ ಎಷ್ಟೋ ಕಾರುಗಳ ತೂತು ಮುಚ್ಚಿಹೋಗಿದೆ.

ಟಾಪ್ ಇಳಿಸಿ ಏರಿಸಿ ನೋಡುವುದನ್ನು ಮರೆಯಬಾರದು. ಸೀಟಿನ ಹಿಂದೆ ಅಡಗಿರುವ ವಿದ್ಯುತ್ ಪಂಪು ಎರಡು ಕಡೆಯ ಸಿಲಿಂಡರಿಗೆ ದ್ರವ ತಳ್ಳಿ ಟಾಪ್ ಎತ್ತುತ್ತದೆ. ದಶಕದ ಮೊದಲ ವರ್ಷಗಳಲ್ಲಿ ಅದಕ್ಕೆ ಬ್ರೇಕ್ ಆಯಿಲನ್ನೇ ಬಳಸುತ್ತಿದ್ದರು. ಸೋರಿದರೆ ಅದು ಬಣ್ಣ ತಿನ್ನುತ್ತದೆ, ತೇವ ಹೀರಿ ಒಳಗಿನ ಲೋಹವನ್ನೂ ಕೆಡಿಸುತ್ತದೆ. ಕ್ರೋಮಿನ ಬಂಪರು ಕನ್ನಡಿಯಂತೆ ಹೊಳೆದರೆ ತಾಮ್ರ, ನಿಕ್ಕಲ್, ಕ್ರೋಮ್ ಮೂರೂ ಪದರ ಸರಿಯಾಗಿ ಕೂತಿವೆ ಎಂದರ್ಥ. ಆ ಲೇಪನದಲ್ಲಿ ಬಳಸುವ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವಾಗುವಂಥದು. ಪರಿಸರ ನಿಯಮ ಬಿಗಿಯಾದಂತೆ ಲೇಪನದ ಸಣ್ಣ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಉಳಿದವರ ಕೂಲಿ ಏರಿತು. ಬಂಪರುಗಳಿಗಷ್ಟೇ ಸಾವಿರಾರು ಡಾಲರ್ ಆಗುವುದು ಅದಕ್ಕೇ.

ಓಡಿಸುವ ವಿಷಯದಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಡ್ರಮ್ ಬ್ರೇಕು, ಅಂದಿನ ಸ್ಟೀರಿಂಗ್, ಕಾರ್ಬ್ಯುರೇಟರ್ ಎಲ್ಲವೂ ಮೊದಲಿನಂತೆಯೇ ಇರಬೇಕು. ಇನ್ನೊಂದು ಪಂಗಡ ಹೊಸ ಎಂಜಿನ್, ಡಿಸ್ಕ್ ಬ್ರೇಕು, ಎಸಿ ಹಾಕಿಸಿ ಮೈಮಾತ್ರ ಹಳೆಯದಾಗಿ ಉಳಿಸುತ್ತದೆ. ಇದರಲ್ಲಿ ಮೊದಲ ಪಂಗಡದ ಮಾತಿಗೆ ತೂಕ ಹೆಚ್ಚು. ಭಾರವಾದ ಆ ಕಾರನ್ನು ಡ್ರಮ್ ಬ್ರೇಕಿನಿಂದ ನಿಲ್ಲಿಸಿದವರಿಗೆ ಮಾತ್ರ 1957ರ ಚಾಲಕ ಎಷ್ಟು ದೂರದಿಂದಲೇ ಕಾಲು ಒತ್ತುತ್ತಿದ್ದ ಎಂಬುದು ಗೊತ್ತಾಗುತ್ತದೆ. ಆದರೂ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರು ಸೀಟ್ ಬೆಲ್ಟ್ ಹಾಕಿಸುವುದನ್ನು ಯಾವ ಶುದ್ಧವಾದಿಯೂ ತಡೆಯಬಾರದು. ಅಂದಿನ ಎಂಜಿನ್ನು ಸೀಸ ಬೆರೆತ ಪೆಟ್ರೋಲಿಗಾಗಿ ಮಾಡಿದ್ದು. ಇಂದಿನ ಪೆಟ್ರೋಲಿನಲ್ಲಿ ಸೀಸವಿಲ್ಲ, ಎಥನಾಲ್ ಇದೆ. ವಾಲ್ವ್ ಸೀಟು ಗಟ್ಟಿ ಲೋಹದ್ದಕ್ಕೆ ಬದಲಾಗಿದೆಯೇ, ರಬ್ಬರ್ ಕೊಳವೆಗಳು ಹೊಸವೇ ಎಂದು ಕೇಳಿಯೇ ಹಣ ಎಣಿಸಬೇಕು.

ಬೆಲೆ ಎಷ್ಟು? ಚೆನ್ನಾಗಿ ಜೀರ್ಣೋದ್ಧಾರವಾದ 1957ರ ಬೆಲ್ ಏರ್ ಕನ್ವರ್ಟಿಬಲ್ಲಿಗೆ ಲಕ್ಷ ಡಾಲರಿನ ಆಸುಪಾಸು ಕೇಳುವುದು ಸಾಮಾನ್ಯ. ಮಾಡಿಸಿದವರಿಗೆ ಆದ ಖರ್ಚು ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಹೀಗಾಗಿ ತಾನೇ ಮಾಡಿಸುವುದಕ್ಕಿಂತ ಮಾಡಿಸಿದವರಿಂದ ಕೊಳ್ಳುವುದು ಅಗ್ಗ ಎಂಬುದು ಈ ವಲಯದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಶಿಕಾಗೊ ಕಡೆಯವರಿಗೆ ವೊಲೊ ಪಟ್ಟಣದ ಆಟೋ ಮ್ಯೂಸಿಯಂ ಇದೆ. ನೋಡಲು ಇಟ್ಟ ಕಾರುಗಳ ಜೊತೆ ಮಾರಲು ಇಟ್ಟವೂ ಅಲ್ಲಿ ಸಾಲಾಗಿ ನಿಂತಿರುತ್ತವೆ. ಡೆಟ್ರಾಯ್ಟ್ ಕಡೆಯವರು ಹರಾಜು, ಕ್ಲಬ್ಬಿನ ಪರಿಚಯ, ಊರ ಮಾರಾಟಗಾರರ ಶೋರೂಮು ಎಲ್ಲವನ್ನೂ ಜಾಲಾಡುತ್ತಾರೆ. ಮಿಷಿಗನ್‌ನಲ್ಲಿ ಬೆಲೆಯ ಮೇಲೆ ಶೇ 6 ತೆರಿಗೆ. ವಿಮೆಗೆ ಅದೇ ರಾಜ್ಯದ ಟ್ರಾವರ್ಸ್ ಸಿಟಿಯ ಹ್ಯಾಗರ್ಟಿ ಕಂಪನಿ ಹೆಸರುವಾಸಿ. 1984ರಲ್ಲಿ ಮರದ ದೋಣಿಗಳಿಗೆ ವಿಮೆ ಮಾಡುತ್ತ ಶುರುವಾದ ಅದು ಕಾರಿನ ಮೌಲ್ಯವನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುವ ಕ್ರಮದಿಂದ ಬೆಳೆಯಿತು.

ಮಿಷಿಗನ್ ಕಾನೂನಿನಲ್ಲಿ 25 ವರ್ಷ ಮೀರಿದ ಕಾರಿಗೆ ಐತಿಹಾಸಿಕ ವಾಹನದ ನಂಬರ್ ಫಲಕ ಸಿಗುತ್ತದೆ. ಷರತ್ತು: ದಿನನಿತ್ಯದ ಓಡಾಟಕ್ಕೆ ಬಳಸಕೂಡದು, ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಪ್ರವಾಸ, ಪರೀಕ್ಷಾ ಓಟಕ್ಕಷ್ಟೇ. ಆದರೆ ಆಗಸ್ಟ್ ತಿಂಗಳಿಗೆ ಮಾತ್ರ ವಿನಾಯಿತಿ. ಆ ತಿಂಗಳು ಪೂರ್ತಿ ಮನಸ್ಸು ಬಂದ ಕಡೆ ಓಡಿಸಬಹುದೆಂದು ಕಾನೂನೇ ಹೇಳುತ್ತದೆ. ಆಗಸ್ಟ್ ಯಾಕೆ ಎನ್ನುವುದು ಆ ಕಡೆಯ ಮಗುವಿಗೂ ಗೊತ್ತು. 1995ರಲ್ಲಿ ಫರ್ನ್‌ಡೇಲ್‌ನ ನೆಲ್ಸನ್ ಹೌಸ್ ಎಂಬ ಪ್ಲಂಬರ್ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು, ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಓಡಾಟ ನಡೆಸೋಣವೆಂದರು. ಮೂವತ್ತು ನಲವತ್ತು ಸಾವಿರ ಜನ ಬಂದಾರು ಎಂಬ ಅಂದಾಜಿತ್ತು; ಬಂದವರು ಸುಮಾರು ಎರಡೂವರೆ ಲಕ್ಷ. ಅಂದಿನಿಂದ ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂದರೆ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಜನಜಾತ್ರೆ. ರಸ್ತೆಬದಿ ಕುರ್ಚಿ ಹಾಕಿ ಕೂತ ತಾತಂದಿರು ಹೋಗುವ ಕಾರಿನ ಹಿಂದೀಪ ನೋಡಿಯೇ ವರ್ಷ ಹೇಳುತ್ತಾರೆ.

ಆ ತಾತಂದಿರು ಕಡಿಮೆಯಾಗುತ್ತಿರುವುದು ಈ ಹವ್ಯಾಸದ ಇಂದಿನ ಚಿಂತೆ. ನಲವತ್ತರ ಆಚೀಚಿನ ಗಿರಾಕಿಗಳ ಕಣ್ಣು ತಾವು ಬಾಲ್ಯದಲ್ಲಿ ಗೋಡೆಗೆ ಅಂಟಿಸಿದ್ದ ಎಂಬತ್ತು, ತೊಂಬತ್ತರ ದಶಕದ ಜಪಾನ್, ಜರ್ಮನಿಯ ಕಾರುಗಳ ಮೇಲೆ. ಅದಕ್ಕಿಂತ ದೊಡ್ಡದು ಕೈಕಸುಬಿನ ಪ್ರಶ್ನೆ: ಸೀಸ ತುಂಬಬಲ್ಲವರು, ಟಾಪಿನ ಬಟ್ಟೆಯನ್ನು ಕಮಾನುಗಳ ಮೇಲೆ ಸುಕ್ಕಿಲ್ಲದೆ ಎಳೆದು ಹೊಲಿಯಬಲ್ಲವರು, ಸತುವಿನ ಹಳೆಯ ಅಲಂಕಾರದ ತುಂಡನ್ನು ಗುಳಿ ತುಂಬಿ ಮತ್ತೆ ಹೊಳೆಯಿಸಬಲ್ಲವರು ಎಲ್ಲಿಂದ ಬರಬೇಕು? ಕಾನ್ಸಾಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜು ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಅಲ್ಲಿ ಕಾರಿನ ಜೀರ್ಣೋದ್ಧಾರವನ್ನೇ ನಾಲ್ಕು ವರ್ಷದ ಪದವಿಯಾಗಿ ಓದಬಹುದು. ತಗಡಿನ ಕೆಲಸ, ಸೀಟಿನ ಹೊಲಿಗೆ, ಬಣ್ಣ, ಎಂಜಿನ್ ಜೋಡಣೆಯ ಜೊತೆಗೆ ವಾಹನ ಉದ್ಯಮದ ಇತಿಹಾಸವೂ ಪಾಠ. ಈ ಕಲಿಕೆ ಅಲ್ಲಿ ಶುರುವಾದದ್ದು 1976ರಲ್ಲಿ, ಕ್ಯಾಡಿಲಾಕ್ ತನ್ನ ಕೊನೆಯ ಕನ್ವರ್ಟಿಬಲ್ ಎಂದು ಸಾರಿ ಲೈನು ನಿಲ್ಲಿಸಿದ ಅದೇ ವರ್ಷ. ಅಲ್ಲಿ ಕಲಿತವರು ಈಗ ಸಂಗ್ರಹಾಲಯಗಳಲ್ಲಿ, ಹರಾಜು ಸಂಸ್ಥೆಗಳಲ್ಲಿ, ಖಾಸಗಿ ಶೆಡ್ಡುಗಳಲ್ಲಿ ಕೆಲಸಕ್ಕಿದ್ದಾರೆ.